ಇದ್ದಿಲ ಮೋಟಾರಿನ ಗಾಳಿ

೧೯೪೭ರ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನು ಹುಮನಾಬಾದಿನ ಸರಕಾರಿ ದವಾಖಾನೆಗೆ ಡಾಕ್ಟರನಾಗಿ ಹಾಕಿದರು. ಪ್ರತಿ ಗುರುವಾರ ಕಲ್ಯಾಣಿಗೂ ಹೋಗಿ ರೋಗಿಗಳನ್ನು ನೋಡಿ ಬರಬೇಕಿತ್ತು. ಇಂದಿನ ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಹೋಗಲು ಖಾಸಗಿ ಮಾಲೀಕರೊಬ್ಬರ ಒಂದೇ ಒಂದು ಬಸ್ಸಿತ್ತು. ಅದರ ಏಜೆಂಟ್ ಶರಣಪ್ಪ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವನು, ಸಂಜೆಯಾದರೆ ದವಾಖಾನೆಯ ಕಟ್ಟೆಗೆ ಬಂದು ಚಹಾ ಕುಡಿಯುತ್ತ ಹರಟೆ ಹೊಡೆಯುತ್ತಿದ್ದವನು. ಪರ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳೆಯ. ಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟನ್ನು ನನಗೆಂದೇ ಕಾದಿರಿಸುತ್ತಿದ್ದ.

ಪೆಟ್ರೋಲು ಸಿಗದ ಕಾಲವದು. ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಪೀಪಾಯಿ ಕೂಡಿಸಿ, ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ಹಾಕಿ, ಹುಟ್ಟಿದ ಗ್ಯಾಸಿನಿಂದ ಇಂಜಿನ್ ಓಡಿಸುತ್ತಿದ್ದರು. ಜನ ಇದನ್ನು ಇದ್ದಿಲ ಮೋಟಾರು ಎನ್ನುತ್ತಿದ್ದರು. ನಸುಕಿನಲ್ಲೇ ಬೆಂಕಿ ಹಾಕಿ, ಪೀಪಾಯಿಗೆ ಹೊಂದಿಸಿದ ಫ್ಯಾನಿನ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಲೇ ಇರಬೇಕು. ಒಳ್ಳೆಯ ಗ್ಯಾಸು ಬಂದ ಮೇಲೆ ಬಸ್ಸು ಹೊರಡುತ್ತಿತ್ತು. ಏರು ಬಂದರೆ ನಾವೆಲ್ಲ ಇಳಿದು ನಡೆಯುತ್ತಿದ್ದೆವು, ಆ ಮಾತು ಬೇರೆ.

ಹಿಡಿಕೆ ತಿರುಗಿಸುವ ಕೆಲಸ ಹುಸೇನಸಾಬರದು. ವಯಸ್ಸು ಅರವತ್ತು ದಾಟಿತ್ತು. ಮೊದಲು ಟಾಂಗಾ ಹೊಡೆಯುತ್ತಿದ್ದರು. ಬಸ್ಸು ಬಂದು ಸವಾರಿ ಕಡಿಮೆಯಾದಾಗ ಕುದುರೆ ಮಾರಿದರು. ಶರಣಪ್ಪ ಕರೆದು ಕೆಲಸ ಕೊಟ್ಟ. ಇವನೊಬ್ಬ ದೊಡ್ಡ ಮನಸ್ಸಿನವನು ಎಂದು ನಾನು ಎಷ್ಟು ಮಂದಿಯ ಮುಂದೆ ಹೊಗಳಿದ್ದೆನೋ!

ಚಳಿಗಾಲ ಶುರುವಾದ ಮೇಲೆ ಹುಸೇನಸಾಬರು ದವಾಖಾನೆಗೆ ಬಂದರು. ತಲೆಸಿಡಿತ, ಕೆಮ್ಮು, ಎದೆಯ ಮೇಲೆ ಯಾರೋ ಕೂತಂತೆ ಭಾರ.

"ಮುಂಜಾನಿ ಬಾಳ ಆಗ್ತದ್ರಿ ಸಾಬ್ರ. ಮಧ್ಯಾಹ್ನಕ್ಕ ತಾನೇ ಹೋಗ್ತದ" ಎಂದರು.

ವಯಸ್ಸಿನ ಎದೆನೋವು ಗಡಿಯಾರ ನೋಡಿಕೊಂಡು ಬರುವುದಿಲ್ಲವಲ್ಲ ಎಂದು ನನಗೆ ಅನುಮಾನ ಹುಟ್ಟಿತು. ಅದೇ ವಾರ ಇನ್ನೂ ಇಬ್ಬರು ಮುದುಕರು ಅದೇ ಬಗೆಯ ತಲೆನೋವು ಹೇಳಿಕೊಂಡು ಬಂದರು. ವಿಚಾರಿಸಿದರೆ, ಇಬ್ಬರೂ ಬೆಳಗ್ಗೆ ಬಸ್ಸಿನ ಶೆಡ್ಡಿನಲ್ಲಿ ಪೀಪಾಯಿಯ ಹತ್ತಿರ ಕೂತು ಮೈ ಕಾಯಿಸಿಕೊಳ್ಳುವವರು. ಹೋಗಿ ನೋಡಿದೆ. ತಗಡಿನ ಶೆಡ್ಡು, ಚಳಿಗಾಳಿ ನುಗ್ಗದಂತೆ ಮುಂದೆಲ್ಲ ಗೋಣಿತಟ್ಟಿನ ಪರದೆ. ಒಳಗೆ ಬೆಚ್ಚಗೆ, ಹಾಯಾಗಿತ್ತು. ರೋಗ ಅಲ್ಲೇ ಇತ್ತು.

ಇದ್ದಿಲ ಗ್ಯಾಸಿನಲ್ಲಿ ಮುಖ್ಯವಾಗಿ ಉರಿಯುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ಪ್ರಾಯದ ಡ್ರೈವರನಿಗೆ ಅದರಿಂದ ತಲೆನೋವು ಬಂದು ಹೋಗಬಹುದು. ಮುದುಕರ ಹೃದಯದ ರಕ್ತನಾಳಗಳು ಮೊದಲೇ ಕಿರಿದಾಗಿರುತ್ತವೆ, ಇದ್ದಿಲ ಧೂಳು ಹೊಕ್ಕು ಶ್ವಾಸಕೋಶವೂ ಸೋತಿರುತ್ತದೆ. ಅಂಥವರು ಇದೇ ಗಾಳಿ ಕುಡಿಯುತ್ತ ಹಿಡಿಕೆಯನ್ನೂ ತಿರುಗಿಸಿದರೆ, ಹೃದಯ ಹೆಚ್ಚು ದುಡಿಯಬೇಕು, ಅದಕ್ಕೆ ಸಿಗುವ ಪ್ರಾಣವಾಯು ಮಾತ್ರ ಕಡಿಮೆ. ಎದೆನೋವು ಬರದೆ ಇನ್ನೇನು?

ಅಂದು ಸಂಜೆ ಶರಣಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಬೆಂಕಿ ಹಾಕುವುದು ಬಯಲಿನಲ್ಲಿ ಆಗಬೇಕು, ಹುಸೇನಸಾಬರಿಗೆ ಹಿಡಿಕೆ ಬೇಡ, ಪ್ಯಾಸೆಂಜರ್‌ಗಳನ್ನು ಕರೆಯುವ ಕೆಲಸ ಕೊಡು ಎಂದೆ. ಅವನು ಒಂದು ಮಾತೂ ಎದುರಾಡಲಿಲ್ಲ.

"ಚಾಚಾನ ಜೀವಕ್ಕಿಂತ ಮೋಟಾರ್ ದೊಡ್ಡದೇನ್ರಿ ಡಾಕ್ಟರ್ ಸಾಬ್ರ? ನಾಳಿಂದ್ಲೇ ಬಯಲಾಗ ಹಚ್ತೀನಿ. ನೀವು ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ."

ಮುಂದಿನ ಗುರುವಾರ ಹೋದಾಗ ಬಸ್ಸು ಬೇವಿನ ಮರದ ಆಚೆ, ಬಯಲಿನಲ್ಲಿ ನಿಂತಿತ್ತು. ಹುಸೇನಸಾಬರು ಕಂಬಳಿ ಹೊದ್ದು "ಕಲ್ಯಾಣಿ, ಕಲ್ಯಾಣಿ" ಎಂದು ಕೂಗುತ್ತಿದ್ದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂದು ತೊಟ್ಟು ಔಷಧವಿಲ್ಲದೆ ಒಬ್ಬನ ಹೃದಯ ಉಳಿಸಿದೆ ಎಂದು ದಾರಿಯುದ್ದಕ್ಕೂ ಬೀಗುತ್ತ ಹೋದೆ.

ಆದರೆ ಅವರಿಗೆ ಗುಣ ಕಾಣಲಿಲ್ಲ. ಕಾಲು ಬಾತವು, ನಾಲ್ಕು ಹೆಜ್ಜೆಗೆ ಉಬ್ಬಸ ಬರತೊಡಗಿತು. ಹೃದಯ ಸೋಲುತ್ತಿತ್ತು. ಡಿಜಿಟಾಲಿಸ್ ಹನಿ ಶುರುಮಾಡಿದೆ. ಆಗ ಹೃದಯಕ್ಕೆ ಬಲ ಕೊಡಲು ನಮ್ಮ ಕೈಲಿದ್ದ ಮುಖ್ಯ ಔಷಧವೇ ಅದು.

"ಇದ್ದಿಲ ಹೊಗಿ ಹತ್ರ ಹೋಗ್ತೀರೇನು?" ಎಂದು ಬಂದಾಗಲೆಲ್ಲ ಕೇಳುತ್ತಿದ್ದೆ.

"ಇಲ್ಲರಿ ಸಾಬ್ರ, ಬಯಲಾಗೇ ಇರ್ತೀನಿ" ಎನ್ನುತ್ತಿದ್ದರು, ನನ್ನ ಮುಖ ನೋಡದೆ.

ಜನವರಿಯ ಒಂದು ಬೆಳಗ್ಗೆ ಊರ ಪಕ್ಕದ ಮಾಣಿಕನಗರದಲ್ಲಿ ಉಬ್ಬಸದ ರೋಗಿಯೊಬ್ಬರನ್ನು ನೋಡಿ, ಸೂರ್ಯ ಹುಟ್ಟುವ ಮುಂಚೆ ನಡೆದು ಬರುತ್ತಿದ್ದೆ. ಶೆಡ್ಡಿನ ಗೋಣಿತಟ್ಟಿನ ಸಂದಿಯಲ್ಲಿ ಕೆಂಪು ಬೆಳಕು ಕಂಡಿತು. ಪರದೆ ಸರಿಸಿದೆ. ಬಸ್ಸು ಒಳಗಿತ್ತು. ಪೀಪಾಯಿ ಉರಿಯುತ್ತಿತ್ತು. ಹುಸೇನಸಾಬರು ಒಂದು ಕೈಯಿಂದ ಎದೆ ಒತ್ತಿಕೊಂಡು ಇನ್ನೊಂದು ಕೈಯಿಂದ ಹಿಡಿಕೆ ತಿರುಗಿಸುತ್ತಿದ್ದರು. ನನ್ನನ್ನು ಕಂಡರೂ ನಿಲ್ಲಿಸಲಿಲ್ಲ.

"ಇಷ್ಟ್ ಜಲ್ದಿ ಯಾಕ ಬಂದ್ರಿ ಸಾಬ್ರ?" ಎಂದರು. ತಪ್ಪು ನನ್ನದೇ ಎನ್ನುವಂತಿತ್ತು ಆ ಮಾತು.

ದಿನವೂ ಹೀಗೇ ನಡೆಯುತ್ತಿತ್ತಂತೆ. ಶೆಡ್ಡಿನಲ್ಲಿ ಗ್ಯಾಸು ತಯಾರು ಮಾಡುವುದು, ನಾನು ಏಳುವ ಹೊತ್ತಿಗೆ ನಾಲ್ಕು ಜನ ಬಸ್ಸು ನೂಕಿ ಬಯಲಿನಲ್ಲಿ ನಿಲ್ಲಿಸುವುದು, ಮುದುಕನಿಗೆ ಕಂಬಳಿ ಹೊದಿಸಿ ಕೂಡಿಸುವುದು. ಚಹಾದವನಿಗೆ ಗೊತ್ತಿತ್ತು, ಡ್ರೈವರನಿಗೆ ಗೊತ್ತಿತ್ತು, ಇಡೀ ಬಸ್ ಅಡ್ಡಾಕ್ಕೇ ಗೊತ್ತಿತ್ತು. ಗೊತ್ತಿಲ್ಲದ ದಡ್ಡ ನಾನೊಬ್ಬನೇ.

"ಬಯಲಾಗ ಗಾಳಿ ಬಡೀತದ್ರಿ. ಬೆಂಕಿ ಲಗೂನ ಹತ್ತಂಗಿಲ್ಲ, ಗಾಡಿ ಲೇಟ್ ಆದ್ರ ಮಾಲಕ ಬೈಯೋದು ನನಗ" ಎಂದ ಅಷ್ಟರಲ್ಲಿ ಬಂದ ಶರಣಪ್ಪ. "ಚಾಚಾಗ ನಾನೇನ್ ಜುಲುಮಿ ಮಾಡಿಲ್ರಿ. ಹಿಡಿಕಿ ಬಿಟ್ರ ಕೆಲಸ ಇಲ್ಲ ಅಂದೆ, ಅಷ್ಟ."

ಸಂಜೆಗಳಲ್ಲಿ ನನ್ನ ಎದುರು ಕೂತು ಚಹಾ ಹೀರುತ್ತಲೇ ಈ ನಾಟಕ ಆಡಿದ್ದ. ಚಾಚಾನ ಆರೋಗ್ಯ ಹೇಗಿದೆ ಎಂದು ಕೇಳಿದರೆ, "ನಿಮ್ಮ ದಯಾದಿಂದ ಚಂದ ಅದಾನ್ರಿ" ಎನ್ನುತ್ತಿದ್ದ. ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ನಿಂತ, ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಹೊರಟಿತು.

ಹುಸೇನಸಾಬರನ್ನು ಅಂದೇ ದವಾಖಾನೆಯಲ್ಲಿ ಮಲಗಿಸಿಕೊಂಡೆ. ತಡವಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆ ವಾರ ಕಳೆಯುವುದರೊಳಗೆ ತೀರಿಕೊಂಡರು.

ಇಷ್ಟೇ ಆಗಿದ್ದರೆ ದುಃಖ ಎಂದು ಸುಮ್ಮನಾಗುತ್ತಿದ್ದೆನೇನೋ. ಬಜಾರಿನಲ್ಲಿ ಒಂದು ಮಾತು ಹುಟ್ಟಿತು. ಮೋಟಾರಿನ ಹತ್ತಿರ ಇರುವ ತನಕ ಮುದುಕ ನಡೆದಾಡಿಕೊಂಡಿದ್ದ, ಡಾಕ್ಟರು ತಂದು ಮಲಗಿಸಿದ ಮೇಲೆ ಸತ್ತ, ಆ ಹನಿ ಅವನ ಎದೆ ನಿಲ್ಲಿಸಿತು ಎಂದು. ಮಾತಿನ ಮೂಲ ಬಸ್ ಅಡ್ಡಾ. ಶರಣಪ್ಪನನ್ನು ಹಿಡಿದು ಕೇಳಿದೆ.

"ನಾ ಏನ್ ಅಂದಿಲ್ರಿ, ಮಂದಿ ಅಂತಾರ" ಎಂದ. "ಬರ್ರಿ, ನಿಮ್ಮ ಸೀಟ್ ಖಾಲಿ ಇಟ್ಟೀನಿ."

ನಾನು ಹಿಂದಿನ ಸೀಟಿನಲ್ಲಿ ಕೂತೆ. ಹುಮನಾಬಾದಿನಲ್ಲಿ ಇದ್ದಷ್ಟು ಕಾಲವೂ ಹಿಂದೆಯೇ ಕೂತೆ. ಅವನೊಡನೆ ಮತ್ತೆ ಚಹಾ ಕುಡಿಯಲಿಲ್ಲ. ಮೇಲಿನವರಿಗೆ ಬರೆದೆ, ಸಂಸ್ಥಾನದ ಆಳ್ವಿಕೆಯೇ ಬದಲಾದ ಆ ಗಲಾಟೆಯ ವರ್ಷದಲ್ಲಿ ಒಬ್ಬ ಮುದುಕ ಉಸಿರಾಡಿದ ಗಾಳಿಯನ್ನು ವಿಚಾರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ೧೯೪೯ರಲ್ಲಿ ಪೆಟ್ರೋಲು ಸಿಗತೊಡಗಿ ಪೀಪಾಯಿಯನ್ನು ಕಿತ್ತುಹಾಕಿದರು. ಅದೇ ವರ್ಷ ನನಗೆ ಕಲ್ಯಾಣಿಗೆ ವರ್ಗವಾಯಿತು.

ಹೊರಡುವ ಮುನ್ನ ಹುಸೇನಸಾಬರ ಹೆಂಡತಿ ಖಾಸಿಂಬಿಯನ್ನು ಕಾಣಲು ಹೋದೆ. ನನ್ನ ಮೇಲಿನ ಅಪವಾದ ಅವರ ಮನಸ್ಸಿನಿಂದಾದರೂ ಹೋಗಲಿ ಎಂಬ ಆಸೆ. ಹೊಸ್ತಿಲಲ್ಲೇ ನಿಂತು ಗ್ಯಾಸು, ರಕ್ತ, ಹೃದಯ ಎಂದು ತಿಳಿಯುವಂತೆ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಆ ಗಾಳಿ ಕಾಣ್ತದೇನ್ರಿ ಸಾಬ್ರ?"

"ಇಲ್ಲಮ್ಮಾ."

"ವಾಸನಿ?"

"ಇಲ್ಲ."

"ನೀವು ಹಾಕಿದ ದವಾ ನಾ ಕಣ್ಣಿಲೆ ನೋಡೀನ್ರಿ" ಎಂದು ಹೇಳಿ ಬಾಗಿಲು ಮುಂದೆ ಮಾಡಿದರು. ಸಿಟ್ಟಿನಿಂದಲ್ಲ, ಮೆಲ್ಲಗೆ.

ಮುಂದೆ ಎಷ್ಟೋ ವರ್ಷ ಮುದುಕರ ಎದೆ, ಉಸಿರು ಪರೀಕ್ಷಿಸಿದೆ. ಕೆಮ್ಮು, ಎದೆನೋವು ಎಂದು ಬಂದವರ ನಾಡಿ ನೋಡಿ ಸುಮ್ಮನಾಗಲಿಲ್ಲ. ಅವರು ಒಲೆಗೋ ಕುಲುಮೆಗೋ ಬೆಂಕಿ ಹಾಕುವ ಹೊತ್ತಿಗೆ, ಹೇಳದೆ ಕೇಳದೆ, ಅವರು ಕೂರುವ ಜಾಗದಲ್ಲೇ ಹೋಗಿ ಕೂತು ಉಸಿರಾಡಿದೆ. ಕೆಲವರು ಡಾಕ್ಟರಿಗೆ ನಮ್ಮ ಮಾತಿನಲ್ಲಿ ನಂಬಿಕೆಯೇ ಇಲ್ಲ ಎಂದು ಬೇಸರಪಟ್ಟರು. ನಿಜ, ನಂಬಿಕೆ ಇರಲಿಲ್ಲ.