ಹಸಿರಿನ ನಡುವೆ ನೀಲಿ

ಜವಳಗೇರಾದ ಅಕ್ಕಿ ಮಿಲ್ಲಿನ ತಂತಿ ಕೆಡಿಸಿದ್ದು ನಿನ್ನ ಕೈಯಲ್ಲ ಶಾಂತಾ, ನನ್ನ ಕೈ. ನಡೆದದ್ದು ಇಷ್ಟೇ.

ಸಿಂಧನೂರಿನ ಕಂಪ್ಯೂಟರ್ ಅಂಗಡಿಯವನು ನಿನಗೆ ಕೊಡುತ್ತಿದ್ದ ಕೆಲಸ ಅದು — ನೆಟ್ ತಂತಿಯ ಎರಡೂ ತುದಿಗೆ ಪ್ಲಾಸ್ಟಿಕ್ ಕನೆಕ್ಟರ್ ಕೂರಿಸಿ ಇಕ್ಕಳದಿಂದ ಒತ್ತುವುದು. ತಂತಿಯೊಳಗೆ ಎಂಟು ಎಳೆ, ಕನೆಕ್ಟರಿನಲ್ಲಿ ಎಂಟು ಮನೆ. ಯಾವ ಬಣ್ಣ ಯಾವ ಮನೆಗೆ ಎಂದು ನೀನು ಒಂದು ಮಾದರಿ ಮಾಡಿ ಗೋಡೆಯ ಮೊಳೆಗೆ ನೇತುಹಾಕಿದ್ದೆ. ನಿನ್ನವ್ವ ಲಿಂಗಸುಗೂರಿನ ಆಸ್ಪತ್ರೆ ಸೇರಿದಾಗ, ಪಕ್ಕದ ಮನೆಯ ದೊಡ್ಡವ್ವ ಎಂದು ನಂಬಿ, ಉಳಿದ ಅರ್ಧ ಬಂಡಲ್ ನನಗೆ ಕೊಟ್ಟು ಹೋದೆ.

ನಾನು ಮಾದರಿ ನೋಡಿದೆ. ಬಿಳಿ ಬೆರೆತ ಹಸಿರು ಒಂದು ಕಡೆ, ಅದರ ಜೋಡಿ ಹಸಿರು ಆಚೆ ಕಡೆ, ನಡುವೆ ನೀಲಿಯ ಎರಡು ಎಳೆ. ನನಗೆ ಸೇರಲಿಲ್ಲ. ಜನ್ಮವೆಲ್ಲ ಕೌದಿ ಹೊಲಿದವಳು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಈ ಹುಡುಗಿಯಿಂದ ಕಲಿಯಬೇಕೇ — ಹಸಿರಿಗೆ ಹಸಿರು ಕೂಡಿಸಿದೆ, ನೀಲಿಗೆ ನೀಲಿ. ಎರಡೂ ತುದಿಗೆ ಹಾಗೇ. ನಿನ್ನ ಪರೀಕ್ಷೆಯ ಡಬ್ಬಿಗೆ ಸಿಕ್ಕಿಸಿದರೆ ಒಂದರಿಂದ ಎಂಟರ ತನಕ ದೀಪ ಸಾಲಾಗಿ ಹತ್ತಿದವು. ಎಳೆ ಮುಟ್ಟಿದೆ ಎಂದಷ್ಟೇ ಆ ದೀಪ ಹೇಳುತ್ತದೆ. ಮನೆ ತಪ್ಪಿದ್ದನ್ನು ಹೇಳುವುದಿಲ್ಲ. ಅದು ನನಗೆ ಆಗ ತಿಳಿದಿರಲಿಲ್ಲ.

ಮಿಲ್ಲಿನ ಉದ್ದ ಗೋಡೆಗೆ ಎಳೆದ ಮೇಲೆ ನೆಟ್ ಬಂದು ಬಂದು ಹೋಯಿತು. ಭತ್ತದ ಸುಗ್ಗಿ. ತೂಕದ ಚೀಟಿ ಬರದೆ ಟ್ರ್ಯಾಕ್ಟರುಗಳು ಬಾಗಿಲಲ್ಲೇ ನಿಂತವು. ಅಂಗಡಿಯವನು ಕತ್ತರಿಸಿದ ತುದಿ ಹಿಡಿದುಕೊಂಡು ಮಸ್ಕಿಗೇ, ನಮ್ಮ ಓಣಿಗೇ ಬಂದ. ಹಸಿರು ಹಸಿರು ಒತ್ತಟ್ಟಿಗೆ ಕೂರಿಸಿದ ಜಾಣಿ ಯಾರು ಎಂದು ಕೇಳಿದ. ನೀನು ನನ್ನ ಕಡೆ ತಿರುಗಿದೆ.

“ದೊಡ್ಡವ್ವಾ, ನೀ ಮಾದರಿ ನೋಡೇ ಹಾಕಿದ್ದಿ, ಹೌದಿಲ್ಲ?”

“ನೋಡೇ ಹಾಕೀನಿ ಬೇ.” ಕೌದಿಯ ಸೂಜಿಯಿಂದ ನಾನು ಕಣ್ಣೆತ್ತಲಿಲ್ಲ.

“ಹಂಗಾರ ನಂದೇ ತಪ್ಪು ರೀ. ಅವ್ವನ ಚಿಂತ್ಯಾಗ ಕೈ ತಪ್ಪೈತಿ.”

ನಿನಗೆ ಇನ್ನು ತಂತಿ ಕೊಡುವುದಿಲ್ಲ ಎಂದು ಹೇಳಿ ಅವನು ಹೋದ. ಆಗಲಾದರೂ ಬಾಯಿ ತೆರೆಯಬಹುದಿತ್ತು. ಮುದುಕಿ ಸೊಕ್ಕಿನಿಂದ ಕೆಡಿಸಿದಳು ಎಂದು ಓಣಿಯವರು ನಗುತ್ತಾರೆಂಬ ಅಂಜಿಕೆ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ಐದು ವರ್ಷವಾಯಿತು. ತುರ್ವಿಹಾಳದ ಗದ್ದೆಯಲ್ಲಿ ನಾಟಿ ಮಾಡಿ ಬಸ್ಸಿಳಿದು ಬರುತ್ತೀ, ನೀರಲ್ಲಿ ನೆನೆದು ಬೆರಳೆಲ್ಲ ಬಿಳುಚಿರುತ್ತವೆ. ತಂತಿ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ, ನಿನ್ನ ಕಣ್ಣಿಗೇ ಬಣ್ಣ ಹತ್ತುವುದಿಲ್ಲ ಎಂದು ನೀನೇ ಹೇಳುತ್ತೀ. ನಾನು ಕೇಳುತ್ತ ಕೂರುತ್ತೇನೆ. ಎರಡನೇ ಇಯತ್ತೆ ಕಲಿತ ಅಕ್ಷರದಲ್ಲಿ ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಎದುರಿಗೆ ಹೇಳಲು ಇವತ್ತಿಗೂ ಆಗಿಲ್ಲ.

ಅಂದು ಅಂಗಡಿಯವನು ಬಂದುಹೋದ ಮರುದಿನ ಬೆಳಿಗ್ಗೆ ಇಕ್ಕಳ, ಡಬ್ಬಿ, ಮಾದರಿ ಎಲ್ಲವನ್ನೂ ನೀನೇ ತಂದು ನನ್ನ ಕಟ್ಟೆಯ ಮೇಲಿಟ್ಟೆ. ದೊಡ್ಡವ್ವಾ, ನಿನ್ನ ಕೈ ನೆಟ್ಟಗಿದೆ, ಇನ್ನು ನೀನೇ ಮಾಡು ಎಂದೆ ನೀನು. ಬೇಡ ಎನ್ನಲಿಲ್ಲ ನಾನು. ನೀನು ಓಣಿ ದಾಟುವ ಮೊದಲೇ ನಾನು ಒಂದು ತಂತಿ ಎತ್ತಿಕೊಂಡು, ಹಸಿರುಗಳನ್ನು ಬಿಡಿಸಿ, ನಿನ್ನ ಮಾದರಿಯಂತೆಯೇ ನಡುವೆ ನೀಲಿ ಕೂರಿಸಿ, ಒತ್ತಿದೆ.