ಜಾನಕಮ್ಮನವರು ಮರೆಯದ ಸಾಲು

ಅತ್ತಿಗೆ, ಆ ಸಾಲನ್ನು ನೀವು ಮರೆತಿರಲಿಲ್ಲ. ನೀವು ಜೋಡಿಸಿದ್ದಿರಿ. ತೆಗೆದವನು ನಾನು.

ಇಷ್ಟು ಬರೆದು ಮೂರು ದಿನ ಕಾಗದವನ್ನು ಹಾಗೇ ಬಿಟ್ಟಿದ್ದೆ. ಮುಂದುವರಿಸಲು ಕೂತಾಗಲೆಲ್ಲ ‘ಆಗಿನ ಪರಿಸ್ಥಿತಿ’ ಎಂಬ ಮಾತು ಪೆನ್ನಿನ ತುದಿಗೆ ಬರುತ್ತಿತ್ತು — ಇಷ್ಟು ವಯಸ್ಸಾದರೂ ನನ್ನ ಬುದ್ಧಿ ಮೊದಲು ಹುಡುಕುವುದು ಹಿತ್ತಿಲ ಬಾಗಿಲನ್ನೇ. ಪರಿಸ್ಥಿತಿ ಏನೂ ಇರಲಿಲ್ಲ. ಆಸೆ ಇತ್ತು, ಅಷ್ಟೆ.

ಗೊತ್ತಿಲ್ಲದವರಿಗೂ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ಕನ್ನಡ ನಾಡು ಒಂದಾಗಿ ನಾಲ್ಕೈದು ವರ್ಷವಾಗಿದ್ದ ಕಾಲ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಿಮ್ಮ ಯಜಮಾನ ರಂಗಣ್ಣನವರ ವಾರಪತ್ರಿಕೆ ಅಚ್ಚಾಗುತ್ತಿತ್ತು. ರಂಗಣ್ಣ ಬರೆಯುತ್ತಿದ್ದರು, ನೀವು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದಿರಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು ಬಿಡುವಾದಾಗ ಬಂದು ಕರಡು ತಿದ್ದುತ್ತಿದ್ದೆ. ಸ್ವಂತ ತಮ್ಮನಿಗೂ ಯಾರೂ ಅಷ್ಟು ಉಪ್ಪಿಟ್ಟು ಬಡಿಸಿರಲಾರರು.

ಆಗ ದೂರದೇಶದ ಮಂತ್ರಿಯೊಬ್ಬ ಹಳೇಬೀಡು ಬೇಲೂರು ನೋಡಲು ಬರುತ್ತಾನೆಂದು ಸುದ್ದಿಯಾಯಿತು. ರೈಲಿನಲ್ಲಿ ಅರಸೀಕೆರೆಗೆ, ಅಲ್ಲಿಂದ ಜಾವಗಲ್ ಮೇಲೆ ಕಾರಿನಲ್ಲಿ. ಅವನ ಖಾತೆಯ ಹೆಸರು ವಾರ್ತಾ ಇಲಾಖೆ. ಅವನ ಕೆಲಸ ಪತ್ರಿಕೆಗಳನ್ನು ಮುಚ್ಚಿಸುವುದು, ಸಂಪಾದಕರನ್ನು ಜೈಲಿಗೆ ಹಾಕುವುದು; ಆಗಷ್ಟೇ ಒಬ್ಬನನ್ನು ಹಾಕಿಸಿದ್ದ. ಬೆಂಗಳೂರಿನಿಂದ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಇದನ್ನು ಓದಿ ರಂಗಣ್ಣನಿಗೆ ಕನ್ನಡದಲ್ಲಿ ಹೇಳಿದವನೂ ನಾನೇ. ಅವರು, “ಆ ಸಂಪಾದಕನ ಹೆಸರು ನನ್ನ ನಾಲಿಗೆಗೆ ಹೊರಳಲ್ಲ ಕಣೋ. ಆದ್ರೂ ಅವನು ನನ್ನ ಕಸುಬಿನೋನು” ಎಂದರು.

ಅಂದೇ ಕರಪತ್ರ ಬರೆದರು. ಪತ್ರಿಕೆಗಳ ಬಾಯಿಗೆ ಬೀಗ ಹಾಕಿದವನ ಕೊರಳಿಗೆ ನಮ್ಮ ಸರ್ಕಾರ ಹಾರ ಹಾಕಬಾರದು; ಇಂಥ ಅಧಿಕಾರಿಗಳು ಯಾವ ದೇಶದವರೇ ಆಗಿರಲಿ, ಅವರಿಗೆ ನಮ್ಮ ಗಡಿ ಮುಚ್ಚುವಂತೆ ದಿಲ್ಲಿಯವರು ನಿಯಮ ಮಾಡಬೇಕು — ಒಟ್ಟು ಸಾರಾಂಶ ಇಷ್ಟು. ಅವನು ಬರುವ ದಿನ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಹಂಚುವುದೆಂದು ತೀರ್ಮಾನವಾಯಿತು.

ತಾಲ್ಲೂಕಿನ ಅಮಲ್ದಾರರು ನನ್ನನ್ನು ಕರೆಸಿದರು. ದೊಡ್ಡವರ ಮುಂದೆ ಸೊಂಟವೇ ಇಲ್ಲದವರಂತೆ ಬಾಗಿ, ಚಿಕ್ಕವರ ಮುಂದೆ ಕುತ್ತಿಗೆಯೇ ತಿರುಗದವರಂತೆ ಕೂರುತ್ತಿದ್ದ ಮನುಷ್ಯ. ನನಗೆ ಮಾತ್ರ ಕುರ್ಚಿ ತೋರಿಸಿದರು.

“ಕರಪತ್ರದ ವಿಷಯ ನಮಗೆ ಗೊತ್ತು ಮೇಷ್ಟ್ರೇ. ಅದರಲ್ಲಿ ಬರೆದಿರೋದೆಲ್ಲ ನಿಜ. ನಿಜಕ್ಕೆ ಕೇಸ್ ಹಾಕೋದು ಕಷ್ಟ. ಅಚ್ಚು ಹಾಕಿದವರ ಹೆಸರು ಕೆಳಗಿಲ್ಲದಿದ್ರೆ — ಕಾನೂನೇ ಇದೆ, ಹಿಡಿಯೋದು ಸುಲಭ.” ಆಮೇಲೆ ಬೇರೇನೋ ನೆನಪಾದವರಂತೆ, “ಸಾಹೇಬರ ಜೊತೆ ಇಂಗ್ಲಿಷ್ ಮಾತಾಡೋಕೆ ಒಬ್ಬರು ಬೇಕು. ನಿಮ್ಮ ಹೆಸರು ಹೇಳೋಣ ಅಂತಿದೀನಿ” ಎಂದರು.

ಅವರು ಹೆದರಿಸಲಿಲ್ಲ ಅತ್ತಿಗೆ. ಹೆದರಿಸಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಕೆಲಸ ಹೋಗುತ್ತದೆ ಎನ್ನಲಿಲ್ಲ, ವರ್ಗ ಮಾಡುತ್ತೇನೆ ಎನ್ನಲಿಲ್ಲ. ನಾನು ಕೋಟು ತೊಟ್ಟು ಪರದೇಶದ ಮಂತ್ರಿಯ ಪಕ್ಕದಲ್ಲಿ ನಡೆಯುವುದನ್ನು ಊರು ನೋಡುತ್ತದೆ — ನನ್ನನ್ನು ಕೊಳ್ಳಲು ಅಷ್ಟು ಸಾಕಾಯಿತು.

ಮರುದಿನ ಮಧ್ಯಾಹ್ನ ನೀವು ಕರಪತ್ರ ಜೋಡಿಸಿದಿರಿ. ಕೊನೆಯಲ್ಲಿ ಎಂದಿನಂತೆ ಮುದ್ರಕರ ಹೆಸರು, ಮುದ್ರಣಾಲಯದ ಹೆಸರು, ಊರು — ಒಂದೇ ಸಾಲು. ಅದಿದ್ದ ಕರಡನ್ನು ನಾನು ಕಣ್ಣಾರೆ ಓದಿದ್ದೇನೆ. ಒಂದು ಕೊಂಬೂ ತಪ್ಪಿರಲಿಲ್ಲ. ನೀವು ಅಡುಗೆಮನೆಗೆ ಹೋದಿರಿ, ರಂಗಣ್ಣ ಕಾಗದ ತರಲು ಹೋಗಿದ್ದರು. ನಾನು ಚೌಕಟ್ಟಿನ ಬಿಗಿ ಸಡಿಲಿಸಿ, ಆ ಸಾಲಿನ ಮೊಳೆಗಳನ್ನು ಎತ್ತಿ, ಆ ಜಾಗಕ್ಕೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಿ ಮತ್ತೆ ಬಿಗಿದೆ. ಮೊಳೆಗಳನ್ನು ಅವುಗಳ ಖಾನೆಗಳಿಗೇ ಹಾಕಿದೆ. ಆ ಕೆಲಸವನ್ನು ಕಲಿಸಿದವರು ನೀವೇ. ಕರಡನ್ನು ಜೇಬಿಗೆ ತುರುಕಿಕೊಂಡೆ. ರಂಗಣ್ಣ ಬಂದು, “ಎಲ್ಲ ಸರಿಯೇನೋ?” ಎಂದು ಕೇಳಿದರು.

“ಸರಿ ಇದೆ. ಅಚ್ಚು ಹಾಕಿ.”

ಅವರು ಮತ್ತೆ ನೋಡಲಿಲ್ಲ. ನಾನು ನೋಡಿದ್ದೇನಲ್ಲ.

ಬೆಳಿಗ್ಗೆ ಸ್ಟೇಷನ್ನಿಗೆ ಹೊರಡುವ ಮೊದಲೇ ಪೊಲೀಸರು ಬಂದರು. ಕಟ್ಟು ಬಿಚ್ಚಿ, ಒಂದು ಹಾಳೆ ಎತ್ತಿ, ತಳಭಾಗವನ್ನೇ ನೋಡಿದರು. ಎಲ್ಲಿ ನೋಡಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು — ಆ ಗಾಬರಿಯಲ್ಲಿ ನೀವದನ್ನು ಗಮನಿಸಲಿಲ್ಲ. ರಂಗಣ್ಣ ನಿಮ್ಮ ಕಡೆ ತಿರುಗಿ, “ಒಂದು ಸಾಲು ಕಣೇ ಜಾನಕಿ, ಒಂದು ಸಾಲು” ಎಂದರು. ಅವರು ನಿಮಗೆ ಜೋರು ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಂದೂ ಜೋರು ಮಾಡಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ, ಇಸ್ತ್ರಿ ಮಾಡಿದ ಕೋಟು ತೊಟ್ಟು.

ಅವರನ್ನು ಠಾಣೆಗೆ ಕರೆದೊಯ್ದು, ಮುದ್ರಣಾಲಯಕ್ಕೆ ಸೀಲು ಹಾಕಿದರು. ಪತ್ರಿಕೆ ಮುಚ್ಚಿಸುವವನು ನಮ್ಮೂರಿಗೆ ಬಂದಾಗ ನಾವು ಅವನಿಗೆ ಕಾಣಿಕೆಯಾಗಿ ಒಂದು ಪತ್ರಿಕೆಯನ್ನೇ ಮುಚ್ಚಿಟ್ಟಿದ್ದೆವು. ಅವನು ಕೇಳಿಯೂ ಇರಲಿಲ್ಲ.

ಹಳೇಬೀಡಿನಲ್ಲಿ ಆತ ಕಪ್ಪು ಕನ್ನಡಕ ತೆಗೆಯದೆಯೇ ಶಿಲ್ಪಗಳನ್ನು ನೋಡಿದ. ಆಕಳಿಸಿದ. ಅವನು ಆಕಳಿಸಿದಾಗ ಅಮಲ್ದಾರರು ನಕ್ಕರು, ಅದೂ ಒಂದು ಮಾತೆಂದುಕೊಂಡು. ಬೇಲೂರಿಗೆ ಹೋಗುವ ದಾರಿಯಲ್ಲಿ, ಈ ಕಡೆ ಪತ್ರಿಕೆಗಳಿವೆಯೇ ಎಂದು ನನ್ನನ್ನು ಕೇಳಿದ.

“ಒಂದಿತ್ತು ಸಾರ್. ಈಗ ಇಲ್ಲ” ಎಂದೆ.

ಅವನು ನಕ್ಕು ಹೆಗಲು ತಟ್ಟಿದ. ನಾನೂ ನಕ್ಕೆ. ಆ ಕ್ಷಣ ನನಗೆ ಸಂತೋಷವಾಯಿತು — ಇದನ್ನು ಬರೆಯದೆ ಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಂತೋಷವಾಯಿತು.

ಕೋರ್ಟಿನಲ್ಲಿ ನೀವು ಎದ್ದು ನಿಂತು, “ಮರೆತವಳು ನಾನು. ಅವರದೇನೂ ತಪ್ಪಿಲ್ಲ” ಎಂದಿರಿ. ಜೋಡಿಸಿದ್ದು ನಿಮ್ಮ ಬೆರಳಿಗೆ ನೆನಪಿತ್ತೋ ಏನೋ, ಆದರೂ ಹಾಗೆಂದಿರಿ. ಕೇಸು ಒಂದು ವರ್ಷ ಎಳೆಯಿತು. ಸೀಲು ತೆಗೆದಾಗ ಪತ್ರಿಕೆಗೆ ಓದುಗರೇ ಉಳಿದಿರಲಿಲ್ಲ. ರಂಗಣ್ಣ ಹಾಸನದಲ್ಲಿ ಬೇರೆಯವರ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುತ್ತಾ ತೀರಿಕೊಂಡರು. ಆ ಸಾಲಿನ ಮಾತನ್ನು ನಿಮ್ಮೆದುರು ಮತ್ತೆಂದೂ ಎತ್ತಲಿಲ್ಲವೆಂದು ನೀವೇ ಹೇಳಿದ್ದಿರಿ. ನೀವು ಮತ್ತೆ ಅಚ್ಚುಮೊಳೆ ಮುಟ್ಟಲಿಲ್ಲ.

ಅವರು ತೀರಿಕೊಂಡ ಮರುವರ್ಷ ಪತ್ರಿಕೆಯಲ್ಲೊಂದು ಸುದ್ದಿ ಬಂತು. ಅದೇ ಮಂತ್ರಿ ಮತ್ತೆ ಈ ದೇಶಕ್ಕೆ ಬರಲು ಕೇಳಿದಾಗ ದಿಲ್ಲಿಯವರು ಒಪ್ಪಿಗೆ ಕೊಡಲಿಲ್ಲ. ಸಂಪಾದಕರನ್ನು ಜೈಲಿಗೆ ಹಾಕಿದ್ದೇ ಕಾರಣವೆಂದು ಹೇಳಿದ್ದರು. ರಂಗಣ್ಣ ಕೇಳಿದ್ದು ಅದನ್ನೇ. ನಾನು ಪತ್ರಿಕೆ ಹಿಡಿದು ನಿಮ್ಮ ಮನೆಗೆ ಬಂದೆ. ಹೇಳಿಬಿಡಬೇಕೆಂದೇ ಬಂದಿದ್ದೆ — ಹಾಗೆಂದು ನಂಬಿಕೊಂಡಿದ್ದೇನೆ, ಖಚಿತವಿಲ್ಲ. ನೀವು ಓದಿ ಮುಗಿಸಿ, “ಅವತ್ತು ನಾನೊಂದು ಸಾಲು ಮರೀದೆ ಇದ್ದಿದ್ರೆ ಅವರು ಇದನ್ನ ನೋಡೋವರೆಗೂ ಇರ್ತಿದ್ರೇನೋ ಅಲ್ವಾ?” ಎಂದಿರಿ.

ನಾನೇನೆಂದೆ ಗೊತ್ತೇ? “ಹೋಗ್ಲಿ ಬಿಡಿ ಅತ್ತಿಗೆ. ಯಾರಾದ್ರೂ ಮರೀತಾರೆ.”

ಆ ಸಾಲು ತೆಗೆದದ್ದಕ್ಕಿಂತ ಈ ಮಾತು ಹೇಸಿಗೆ. ಅಂದು ತೆಗೆದದ್ದು ಸೀಸ. ಇದರಲ್ಲಿ ನಾನು ನಿಮ್ಮನ್ನು ಕ್ಷಮಿಸಿದ್ದೆ.

ಹೋದ ತಿಂಗಳು ನಿಮ್ಮ ಮಗಳು ವಿಶಾಲ, ಕಾಫಿಗೆ ಸಕ್ಕರೆ ಹಾಕಿಲ್ಲವೆಂದು ನಗುತ್ತಾ, “ಅಮ್ಮಂದು ಮೊದಲಿಂದ್ಲೂ ಮರೆವು ಮಾಮ, ಅಪ್ಪನ ಪತ್ರಿಕೆನೇ ಮುಳುಗಿಸಿದ್ಲು” ಎಂದಳು. ನೀವೂ ನಕ್ಕಿರಿ. ನಾನು ಆ ಕಾಫಿ ಕುಡಿದು ಲೋಟ ಕೆಳಗಿಟ್ಟೆ.

ಈ ಕಾಗದದ ಇನ್ನೊಂದು ಪ್ರತಿಯನ್ನು ಅವಳ ಹೆಸರಿಗೆ ಬೇರೆಯಾಗಿ ಅಂಚೆಗೆ ಹಾಕುತ್ತಿದ್ದೇನೆ. ನಿಮ್ಮೊಬ್ಬರಿಗೇ ಕಳಿಸಿದರೆ ನೀವು ಓದಿ, ಮಡಚಿಟ್ಟು, ನನ್ನ ಮಾನ ಕಾಯುತ್ತೀರಿ. ಅದು ನನಗೆ ಗೊತ್ತು. ನಿಮ್ಮೊಬ್ಬರಿಗೇ ಬರೆಯೋಣವೆಂದು ಮೊದಲು ಹೊಳೆದದ್ದೂ ಅದಕ್ಕೇ. ಅವಳು ಬಂದು ಕೇಳಲಿ. ನಾನು ಮನೆಯಲ್ಲೇ ಇರುತ್ತೇನೆ.