ದೇವರ ಮುಂದಿಟ್ಟ ಬೇರಿಂಗು

ಆ ಬೆಳಿಗ್ಗೆಯೂ ಎಂದಿನಂತೆ ನಳದ ನೀರು ತುಂಬಿ, ಒಂದು ಕಣ್ಣಿನಿಂದ ಹಾಲು ಕಾಯುತ್ತ ರೊಟ್ಟಿ ಬಡಿಯುತ್ತಿದ್ದೆ. ಎಂದಿನಂತಲ್ಲದ್ದು ಒಂದೇ. ಬೇವಿನ ಗಿಡದ ಕೆಳಗೆ ನಿಂತ ನಮ್ಮ ವ್ಯಾನಿನ ಹೊಟ್ಟೆಯಡಿಯಿಂದ ಎರಡು ಜೊತೆ ಕಾಲು ಚಾಚಿಕೊಂಡಿದ್ದವು. ಬರಿಗಾಲು ಮೆಕ್ಯಾನಿಕ್ ಖಾಜಾನವು. ಕಾಲುಚೀಲ ತೊಟ್ಟಿದ್ದವು ನಮ್ಮವರವು. ರಿಪೇರಿಗೆ ಕಾಲುಚೀಲ ಯಾಕೆಂದು ನಾನೂ ಕೇಳಿಲ್ಲ.

ಎಂಬತ್ತರ ದಶಕದ ಸಿಂಧನೂರಿನಲ್ಲಿ ಮಂಚವಿರುವ ವ್ಯಾನು ನಮ್ಮದೊಂದೇ ಇರಬೇಕು. ಎಲ್ಲೋ ಹರಾಜಿನಲ್ಲಿ ಹಿಡಿದ ಹಳೇ ಗಾಡಿಗೆ ನಮ್ಮವರು ಮಲಗಲು ಹಲಗೆ, ಸೀಮೆಎಣ್ಣೆ ಸ್ಟೋವಿಗೆ ಕಟ್ಟೆ, ಡಬ್ಬಿಗಳಿಗೆ ಗೂಡು ಎಲ್ಲ ಮಾಡಿಸಿದ್ದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಗುಲಾಬಿ ಕಸೂತಿ ಕೊನೆಗೂ ಅದರ ಪರದೆಗಳ ಮೇಲೆ ಉಪಯೋಗಕ್ಕೆ ಬಂತು. ಇಷ್ಟು ಶೃಂಗಾರವಾದರೂ ಕ್ಲಚ್ ಒತ್ತಿದಾಗಲೆಲ್ಲ ಅದು ಸ್ಲೇಟಿನ ಮೇಲೆ ಬಳಪ ಗೀಚಿದಂತೆ ಕಿರುಚುತ್ತಿತ್ತು. ಕ್ಲಚ್ಚಿನ ಬೇರಿಂಗ್ ಸವೆದು ಹೋಗಿದೆ, ಗೇರ್ ಬಾಕ್ಸ್ ಇಳಿಸಿ ಹೊಸದು ಹಾಕಬೇಕು ಎಂದಿದ್ದ ಖಾಜಾ.

ಅದೂ ಅವತ್ತೇ ಆಗಬೇಕಿತ್ತು. ಮರುದಿನ ಲಿಂಗಸುಗೂರಿನಲ್ಲಿ ನಾದಿನಿಯ ಕುಬಸ. ಚೊಚ್ಚಲ ಬಸುರಿ ಮಗಳಿಗೆ ತವರಿನ ಬುತ್ತಿ, ಹಸಿರು ಸೀರೆ, ಬಳೆ ಒಯ್ಯಬೇಕು. ಅತ್ತೆಗೋ ನಡುನೋವು, ಬಸ್ಸಿನಲ್ಲಿ ಕೂತರೆ ಮಸ್ಕಿ ಮುಟ್ಟುವುದೂ ಕಷ್ಟ. ಮಲಗಿಕೊಂಡಾದರೆ ಹೋಗಬಲ್ಲರು. ವ್ಯಾನು ಹೊರಟರೆ ಅವರು ಮಗಳ ಉಡಿ ತುಂಬುತ್ತಾರೆ; ಇಲ್ಲದಿದ್ದರೆ ಇಲ್ಲ.

ನಮ್ಮ ಮನೆಯಲ್ಲಿ ಯಾವ ಹೊಸ ಸಾಮಾನೂ ದೇವರ ಮುಂದೆ ಕೂತೆದ್ದ ಮೇಲೆಯೇ ಕೆಲಸಕ್ಕೆ ಹತ್ತುವುದು. ಹಿಂದಿನ ಸಂಜೆ ತಂದ ಬೇರಿಂಗಿಗೂ ಆ ಮರ್ಯಾದೆ ಸಿಕ್ಕಿತು. ಆದರೆ ಮೈತುಂಬ ಜಿಡ್ಡು ಮೆತ್ತಿಕೊಂಡದ್ದನ್ನು ದೇವರ ಮನೆಗೆ ಒಯ್ಯುವುದು ಹೇಗೆ? ಅತ್ತೆ ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಮೇಲೊಂದು ದಾಸವಾಳ ಇಟ್ಟರು. ಸೀಮೆಎಣ್ಣೆ ತಂದುಕೊಟ್ಟವಳು ನಾನೇ. ಊಟಕ್ಕೆ ಮುಂಚೆ ಸಿಸ್ಟರುಗಳಿಗೆ ಉಗುರು ತೋರಿಸಿ ಬೆಳೆದವಳಿಗೆ ಸ್ವಚ್ಛತೆಯಲ್ಲಿ ಕೇಡು ಕಾಣುವುದುಂಟೇ?

ಗೇರ್ ಬಾಕ್ಸ್ ಇಳಿಸಿ ಬಂದ ಖಾಜಾ ಹೂ ತೆಗೆದಿಟ್ಟು, ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುವಿದ. ಕರಕರ ಎಂದಿತು.

"ಅಮ್ಮಾ, ಇದರಾಗಿನ ಗ್ರೀಸ್ ಎಲ್ಲಿ ಹೋತ್ರೀ?"

"ಹೊಲಸು ಹತ್ತಿತ್ತು, ತೊಳದೀನಿ. ದೇವ್ರ ಮುಂದ ಹಂಗ ಇಡಾಕ ಬರ್ತದೇನು?"

"ಯಾ ಅಲ್ಲಾ! ಅದರ ಜೀವಾನ ಆ ಹೊಲಸಿನಾಗ ಇತ್ರೀ!"

ಮೇಲಿಂದ ಹಚ್ಚಿದ ಗ್ರೀಸು ಒಳಗಿನ ಗುಂಡುಗಳಿಗೆ ಇಳಿಯುವುದಿಲ್ಲವಂತೆ. ಊರಲ್ಲಿದ್ದದ್ದು ಅದೊಂದೇ. ಇನ್ನೊಂದು ರಾಯಚೂರಿನಿಂದ ಬರಲು ಎರಡು ದಿನವಾದರೂ ಬೇಕು. ಅತ್ತೆ ಒಳಗೆ ಹೋಗಿ, ಸೀರೆಯ ಗಂಟು ತಂದು ನನ್ನ ಕೈಗಿಟ್ಟರು.

"ನೀ ಬಸ್ಸಿಗೆ ಹೋಗವಾ. ಅಕಿ ಕೇಳಿದ್ರ, ಅವ್ವನ ನಡ ಹಿಡದಾವ ಅಂತ ಹೇಳು. ಬೇರಿಂಗ್ ತೊಳದ್ಲು ಅಂತ ಮಾತ್ರ ಹೇಳಬ್ಯಾಡ."

ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಗಂಟು ಹಿಡಿದು ನಿಂತೇ ಇದ್ದೆ. ಅದನ್ನು ಕಂಡೋ ಏನೋ, ಖಾಜಾ ತಲೆ ಕೆರೆದುಕೊಂಡ. ಅವನಿಗೆ ಕೆಲಸ ಕಲಿಸಿದ ಉಸ್ತಾದರು ಗ್ರೀಸನ್ನು ಕರಗಿಸಿ, ಅದರಲ್ಲಿ ಬೇರಿಂಗ್ ಮುಳುಗಿಸಿಡುತ್ತಿದ್ದರಂತೆ. ನೋಡೋಣ ಎಂದು ನಮ್ಮವರು ವ್ಯಾನಿನ ಸ್ಟೋವನ್ನೇ ಇಳಿಸಿ ಭರ್ರೆಂದು ಹೊತ್ತಿಸಿದರು. ಗ್ರೀಸಿನ ಡಬ್ಬಿಯಿಂದ ಹೊಗೆ ಎದ್ದಿತು. ಆ ವಾಸನೆಗೆ ಅತ್ತೆ ನಡು ಹಿಡಿದುಕೊಂಡೇ ಹೊರಗೆ ಬಂದರು.

"ಉರಿ ಸಣ್ಣ ಮಾಡ್ರಲೇ! ಸೀದ ಮ್ಯಾಲೆ ಅದರಾಗ ಏನು ಉಳಿತದ?"

ಅಲ್ಲಿಂದ ಮುಂದೆ ಕಾರುಬಾರು ಅವರದು. ತುಪ್ಪ ಕರಗಿಸುವ ಹಾಗೆ ಡಬ್ಬಿಯನ್ನು ಕುದಿನೀರಿನ ಬೋಗುಣಿಯಲ್ಲಿ ಕೂರಿಸಿ, ಸಣ್ಣ ಉರಿಯಲ್ಲಿ ಗ್ರೀಸು ಸಡಿಲಾದ ಮೇಲೆ ಬೇರಿಂಗ್ ಇಳಿಬಿಡಿಸಿದರು. ಪೂರ್ತಿ ಆರುವವರೆಗೆ ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಕಾಯುತ್ತ ಕೂತವಳಿಗೆ ಮಸ್ಕಿಯ ಬಂಡೆ ನೆನಪಾಯಿತು. ಅಲ್ಲಿಯ ಅಶೋಕನ ಶಾಸನ ಕಲಿಸುವಾಗ ಸಿಸ್ಟರು ಧರ್ಮದ ಬಗ್ಗೆ ಬೇಕಾದಷ್ಟು ಹೇಳಿದ್ದರು. ಅದನ್ನು ಕೊರೆಸಲು ಅಷ್ಟು ದೂರ ಬಂದ ಬಂಡಿಗಳಿಗೆ ಕೀಲೆಣ್ಣೆ ಯಾರು ಹಾಕಿದರೆಂದು ಹೇಳಿರಲಿಲ್ಲ. ಅತ್ತೆ-ಸೊಸೆ ನಾವೂ ಇಷ್ಟು ವರ್ಷ ಹೆಚ್ಚು ಸದ್ದಿಲ್ಲದೆ ತಿರುಗಿದ್ದೇವೆ. ಬೆಳಗಿನ ಚಹಾದ ಜೊತೆ ನಾವು ಮೆಲ್ಲುವ ಓಣಿಯ ಸುದ್ದಿಯನ್ನು ಯಾರಾದರೂ ಹೊಲಸೆಂದು ತೊಳೆದುಬಿಟ್ಟರೆ ನಮ್ಮ ಗತಿಯೂ ಕರಕರವೇ.

ಆರಿದ ಬೇರಿಂಗನ್ನು ಖಾಜಾ ತಿರುವಿದ. ಸದ್ದಿಲ್ಲ. "ಲಿಂಗಸುಗೂರಿಗೆ ಹೋಗಿ ಬರಾಕ ಅಡ್ಡಿಯಿಲ್ರೀ. ಹೊಸಾದು ಬಂದ ಮ್ಯಾಲೆ ಬದಲಿ ಮಾಡೋಣು."

"ಅದನ್ನ ಪುಡಿಕಿ ಬಿಚ್ಚದ ಪೂಜಾ ಮಾಡ್ತೀನಿ ತಗೋ," ಎಂದರು ಅತ್ತೆ.

ಸಂಜೆಗೆ ಗೇರ್ ಬಾಕ್ಸ್ ಮೇಲೇರಿತು. ನಮ್ಮವರು ಕಾಲುವೆಯ ತನಕ ಓಡಿಸಿಕೊಂಡು ಬಂದರು, ಕ್ಲಚ್ ಉಸಿರೆತ್ತಲಿಲ್ಲ. ಹಲಗೆ ನಡುವಿಗೆ ಒಗ್ಗುತ್ತದೋ ಇಲ್ಲವೋ ನೋಡುತ್ತೇನೆಂದು ಅತ್ತೆ ವ್ಯಾನಿನೊಳಗೆ ಅಡ್ಡಾದವರು, ಸೀರೆಯ ಗಂಟನ್ನು ಎದೆಗವಚಿಕೊಂಡು ಗೊರಕೆ ಹೊಡೆಯತೊಡಗಿದರು. ಊಟಕ್ಕೆ ಎಬ್ಬಿಸಲು ನಾನು ಪರದೆ ಸರಿಸುತ್ತಿದ್ದೆ. ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಶರಣಮ್ಮ ಗೋಡೆಯ ಮೇಲಿಂದ ಒಮ್ಮೆ ಇಣುಕಿ ಹೇಳಿದಳು:

"ಈಗ್ಯಾಕ ಎಬ್ಬಸ್ತೀರಿ ಬಿಡ್ರೀ ಅಕ್ಕಾರ, ಲಿಂಗಸುಗೂರು ಬಂದ ಮ್ಯಾಲೆ ಎಬ್ಬಸ್ರಿ."